ತುಟ್ಟಿಯ ಕಾಲದಲ್ಲಿ ಗೃಹಸ್ಥನ ಉಗ್ರಾಣ

ಕಲ್ಪತರು ನಾಡೆಂದು ಹೆಸರು ಪಡೆದ ತುಮಕೂರು ಸೀಮೆಯಲ್ಲಿ ಒಂದು ತೆಂಗಿನಕಾಯಿಯನ್ನು ಮೂರು ದಿನಕ್ಕೆ ಹಂಚಿ ಬಳಸತಕ್ಕ ಕಾಲ ಬರುವುದೆಂದು ನಮ್ಮ ಹಿರಿಯರಾರೂ ಎಣಿಸಿರಲಾರರು. ಆದರೆ ಬಂದಿತು. ೨೦೨೫ನೆಯ ಇಸವಿಯಲ್ಲಿ ಒಂದು ಬೆಳಿಗ್ಗೆ ನಾನು ತುಮಕೂರಿನ ನಮ್ಮ ಬೀದಿಯ ಕೊನೆಯಲ್ಲಿರುವ ದಿನಸಿ ಅಂಗಡಿಗೆ ಹೋಗಿದ್ದೆನು. ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ರಾಶಿಯಿಂದ ಒಂದು ಕಾಯಿಯನ್ನು ತೆಗೆದು, ಕಿವಿಯ ಬಳಿ ಅಲುಗಿಸಿ ನೋಡಿ, ಬೆಲೆ ಕೇಳಿದಳು. ಅಂಗಡಿಯವನು ೫೦ ರೂಪಾಯಿಗೂ ಮೇಲಾದ ಒಂದು ಬೆಲೆಯನ್ನು ಹೇಳಿದನು. ಆಕೆ ಕಾಯಿಯನ್ನು ಮೊದಲಿದ್ದ ಜಾಗದಲ್ಲಿಯೇ ಮೆಲ್ಲನೆ ಇಟ್ಟು, "ಹುರಿಗಡಲೆ ನೂರು ಗ್ರಾಂ ಕೊಡಪ್ಪ, ಚಟ್ನಿಗೆ ಸಾಕು" ಎಂದಳು. ಅಂಗಡಿಯವನೂ ತಲೆಯೆತ್ತಿ ನೋಡಲಿಲ್ಲ. ಗುಬ್ಬಿ ತಾಲ್ಲೂಕಿನ ತೆಂಗಿನ ತೋಟಗಳ ನಡುವೆ ಹುಟ್ಟಿ ಬೆಳೆದ ನನಗೆ ಆ ಗಳಿಗೆಯಲ್ಲಿ ಏನೆಂದು ಹೇಳಬೇಕೋ ತಿಳಿಯದೆ, ನಾನು ಕೊಳ್ಳಬಂದಿದ್ದ ಎರಡು ಕಾಯಿಗಳಲ್ಲಿ ಒಂದನ್ನೇ ಕೊಂಡು ಮನೆಗೆ ಬಂದೆನು.

ಬೆಲೆಯೇರಿಕೆಯ ವಿಷಯವಾಗಿ ಈಗ ಮಾತನಾಡದ ಮನೆಯಿಲ್ಲ. ಸರ್ಕಾರವನ್ನು ಬಯ್ಯುವವರುಂಟು, ವರ್ತಕರನ್ನು ಶಪಿಸುವವರುಂಟು, ಕಾಲವೇ ಕೆಟ್ಟಿತೆಂದು ನಿಟ್ಟುಸಿರಿಡುವವರಂತೂ ಮನೆಗೊಬ್ಬರುಂಟು. ಇವುಗಳಿಂದ ಒಲೆಯ ಮೇಲಿನ ಪಾತ್ರೆ ತುಂಬುವುದಿಲ್ಲವಷ್ಟೆ. ರಾಜ್ಯಾಡಳಿತದವರು ಮಾಡತಕ್ಕದ್ದನ್ನು ಅವರು ಮಾಡಲಿ. ಗೃಹಸ್ಥನ ಕೈಯಲ್ಲಿರುವುದು ಅವನ ಉಗ್ರಾಣವೊಂದೇ. ಅದನ್ನು ಹೇಗೆ ತುಂಬಬೇಕು, ಎಷ್ಟು ತುಂಬಬೇಕು, ಯಾರಿಗಾಗಿ ತುಂಬಬೇಕು ಎಂಬ ಮೂರು ಪ್ರಶ್ನೆಗಳನ್ನು ಕುರಿತು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯ ವೃತ್ತಿಯಲ್ಲಿದ್ದು ಸಣ್ಣ ಸಂಬಳದಲ್ಲಿ ಸಂಸಾರ ನಡೆಸಿದ ಒಬ್ಬನ ಅನುಭವವನ್ನು ವಾಚಕರ ಮುಂದಿಡುತ್ತೇನೆ. ಇದರಲ್ಲಿ ನನ್ನ ಒಂದು ತಪ್ಪಿನ ಕಥೆಯೂ ಸೇರಿದೆ.

ಬೆಲೆ ಏರುವುದೇತಕ್ಕೆ?

ಮೊದಲು ತೆಂಗಿನ ವಿಚಾರವನ್ನೇ ನೋಡೋಣ. ಆ ವರ್ಷವೇ ಒಂದು ಭಾನುವಾರ ನಾನು ಗುಬ್ಬಿಯ ಕಡೆಗೆ ಹೋದಾಗ, ನನ್ನ ಬಳಿ ಓದಿದ ಹುಡುಗನೊಬ್ಬನು—ಈಗ ಅವನೂ ಎರಡು ಮಕ್ಕಳ ತಂದೆ—ತನ್ನ ತೋಟಕ್ಕೆ ಕರೆದುಕೊಂಡು ಹೋದನು. "ನಿನಗೇನಪ್ಪ, ಈ ವರ್ಷ ಸುಗ್ಗಿ" ಎಂದೆನು. ಅವನು ನಕ್ಕು ಮರದ ನೆತ್ತಿಯನ್ನು ತೋರಿಸಿ, "ನೋಡಿ ಮೇಷ್ಟ್ರೇ, ಕಾಯಿಗೆ ಬೆಲೆ ಇದ್ದಾಗ ಮರದಲ್ಲಿ ಕಾಯಿ ಇರೋದಿಲ್ಲ, ಮರದಲ್ಲಿ ಕಾಯಿ ಇದ್ದಾಗ ಬೆಲೆ ಇರೋದಿಲ್ಲ" ಎಂದನು. ಅವನು ಹೇಳಿದ್ದು ನಿಜ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುವುದು; ಆ ಹೊಂಬಾಳೆಯ ಮೊಳಕೆಯೋ ಮರದ ಗರ್ಭದಲ್ಲಿ ಅದಕ್ಕೂ ಎರಡು ವರ್ಷಗಳಿಗೆ ಹಿಂದೆಯೇ ಮೂಡಿರುವುದು. ಆದುದರಿಂದ ಒಂದು ವರ್ಷದ ಬರದ ಪೆಟ್ಟು ಮುಂದಿನ ವರ್ಷಗಳ ಗೊನೆಯಲ್ಲಿ ಕಾಣಿಸಿಕೊಳ್ಳುತ್ತದೆ. ೨೦೨೩ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದುದು ವಾಚಕರಿಗೆ ನೆನಪಿರಬಹುದು. ಅದರ ಜೊತೆಗೆ ಕಪ್ಪುತಲೆ ಹುಳು, ಬಿಳಿನೊಣ, ಕಾಂಡದಿಂದ ರಸ ಸೋರುವ ರೋಗ. ಅತ್ತ ಎಳನೀರಿಗಾಗಿ ಎಳೆಗಾಯಿಗಳನ್ನೇ ಕೊಯ್ದು ನಗರಗಳಿಗೆ ಸಾಗಿಸುವುದೂ ಹೆಚ್ಚಿತು. ಹೀಗೆ ಅಂದು ಆಕಾಶದಲ್ಲಿ ತಪ್ಪಿದ ಮಳೆಯು ಎರಡು ವರ್ಷಗಳ ತರುವಾಯ ಚಟ್ನಿಯ ಬಟ್ಟಲಲ್ಲಿ ತಪ್ಪಿತು.

ಕೆಲವು ಬೆಲೆಗಳು ನಮ್ಮ ಆಕಾಶದಿಂದಲೂ ಬರುವುದಿಲ್ಲ, ಕಡಲಾಚೆಯಿಂದ ಬರುತ್ತವೆ. ನಮ್ಮ ದೇಶದಲ್ಲಿ ಬಳಸುವ ಅಡಿಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪರದೇಶದ್ದು. ೨೦೨೨ರ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿ ಯುದ್ಧ ಹತ್ತಿಕೊಂಡಿತು. ಸೂರ್ಯಕಾಂತಿ ಎಣ್ಣೆಯ ಹಡಗುಗಳು ನಿಂತವು. ಅದೇ ಏಪ್ರಿಲ್ ೨೮ರಂದು ಇಂಡೊನೇಷ್ಯಾ ದೇಶವು ತನ್ನ ತಾಳೆಯೆಣ್ಣೆಯನ್ನು ಹೊರಗೆ ಕಳುಹಿಸಕೂಡದೆಂದು ಕಟ್ಟುಮಾಡಿ, ಮೇ ೨೩ರವರೆಗೆ ಬಾಗಿಲು ಮುಚ್ಚಿತು. ಆ ದೇಶಗಳ ಹೆಸರನ್ನೇ ಕೇಳದ ಕುಣಿಗಲ್ಲಿನ ಅಜ್ಜಿಯೂ ಹಪ್ಪಳ ಕರಿಯುವುದನ್ನು ನಿಲ್ಲಿಸಬೇಕಾಯಿತು. ನನ್ನ ಬಾಲ್ಯದಲ್ಲಿ ನಮ್ಮ ರಾಗಿಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಎಲ್ಲವೂ ಬೆಳೆಯುತ್ತಿದ್ದುವು. ಹುಚ್ಚೆಳ್ಳಿನ ಹಳದಿ ಹೂವು ಹೊಲದ ನಡುನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಆ ಸಾಲುಗಳನ್ನು ನಾವು ಬಿಟ್ಟೆವು, ಹಡಗನ್ನು ನಂಬಿದೆವು.

ತರಕಾರಿಯ ಬೆಲೆಯದು ಮತ್ತೊಂದು ಬಗೆ. ೨೦೨೩ರ ಜುಲೈಯಲ್ಲಿ ಟೊಮ್ಯಾಟೊ ಹಣ್ಣು ಕಿಲೋಗ್ರಾಮಿಗೆ ೧೦೦ ರೂಪಾಯಿಯನ್ನು ದಾಟಿತು; ಕೆಲವೇ ತಿಂಗಳ ಹಿಂದೆ ಅದೇ ಹಣ್ಣನ್ನು ಕೊಳ್ಳುವವರಿಲ್ಲದೆ ರೈತರು ರಸ್ತೆಗೆ ಸುರಿದಿದ್ದರು. ಕೆಡುವ ಪದಾರ್ಥಕ್ಕೆ ಉಗ್ರಾಣವಿಲ್ಲ; ಆದುದರಿಂದ ಅದರ ಬೆಲೆಗೆ ನೆಲೆಯೂ ಇಲ್ಲ. ಇವನ್ನೆಲ್ಲ ಇಷ್ಟು ವಿಸ್ತರಿಸಿದುದು ಏಕೆಂದರೆ, ಬೆಲೆಯೇರಿದಾಗಲೆಲ್ಲ ಯಾರೋ ಒಬ್ಬ ದುಷ್ಟನು ನಡುವೆ ಕುಳಿತು ನುಂಗುತ್ತಿದ್ದಾನೆಂದು ತಿಳಿಯುವುದು ಅರ್ಧಸತ್ಯ. ಹಲವು ಸಲ ಬೆಳೆದವನಿಗೆ ಬಹಳ ದಿನಗಳ ಮೇಲೆ ನಾಲ್ಕು ಕಾಸು ಕಂಡಿರುತ್ತದೆ. ೨೦೧೪ರಲ್ಲಿ ಕ್ವಿಂಟಲಿಗೆ ೧,೫೫೦ ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆಯು ೨೦೨೪ರಲ್ಲಿ ೪,೨೯೦ ಆಯಿತು. ಕೊಳ್ಳುವ ನಮಗೆ ಇದು ತುಟ್ಟಿ. ಬಿತ್ತುವವನಿಗೆ ಇದು ಬದುಕು. ನಾವು ಎರಡನ್ನೂ ನೆನೆಯಬೇಕು.

ಹಿಂದಿನ ಬರ, ಇಂದಿನ ಬರ

ನಮ್ಮ ಅಜ್ಜಿಯವರ ಬಾಯಲ್ಲಿ ಒಂದು ಮಾತಿತ್ತು. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟರೆ "ಧಾತು ಈಶ್ವರ ಮರೆತರೇನೋ?" ಎನ್ನುತ್ತಿದ್ದರು. ಅದೇನು ದೇವರ ಹೆಸರೋ ಎಂದು ನಾನು ಬಹುಕಾಲ ತಿಳಿದಿದ್ದೆನು. ಅವು ಸಂವತ್ಸರಗಳ ಹೆಸರು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಮಹಾಕ್ಷಾಮದ ವರ್ಷಗಳು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷದ ಒಳಗಾಗಿತ್ತು. ಬೆಂಗಳೂರಿನವರೆಗೆ ರೈಲು ಇದ್ದಿತು; ಅಲ್ಲಿಂದ ಒಳನಾಡಿಗೆ ಧಾನ್ಯವನ್ನು ಎಳೆದೊಯ್ಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದುವು. ತುಮಕೂರು ಗುಬ್ಬಿಗಳ ಕಡೆಗೆ ರೈಲು ಬಂದದ್ದು ಬರ ಮುಗಿದು ಹಲವು ವರ್ಷಗಳಾದ ಮೇಲೆ, ೧೮೮೪ರಲ್ಲಿ. ನಮ್ಮ ಅಜ್ಜಿಯವರು ಆ ಬರವನ್ನು ಕಂಡವರಲ್ಲ. ಕಂಡವರ ಮಡಿಲಲ್ಲಿ ಬೆಳೆದವರು. ಹಸಿವಿನ ನೆನಪು ಮೂರು ತಲೆಮಾರು ಇಳಿದು ನನ್ನ ತಟ್ಟೆಯವರೆಗೆ ಬಂದಿತು.

ಎರಡನೆಯ ಮಹಾಯುದ್ಧದಲ್ಲಿ ೧೯೪೨ರಲ್ಲಿ ಬರ್ಮಾ ದೇಶವು ಜಪಾನಿನ ಕೈವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ವಂಗದೇಶದಲ್ಲಿ ಲಕ್ಷೋಪಲಕ್ಷ ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರು. ಆದರೆ ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿದ ಒಂದು ಸಂಗತಿಯನ್ನು ಗೃಹಸ್ಥರೆಲ್ಲರೂ ಮನನ ಮಾಡತಕ್ಕದ್ದು. ಆ ವರ್ಷ ವಂಗದೇಶದಲ್ಲಿದ್ದ ಅಕ್ಕಿಯು ಅಷ್ಟು ಜನರು ಸಾಯುವಷ್ಟು ಕಡಿಮೆಯೇನೂ ಆಗಿರಲಿಲ್ಲ. ಕೂಲಿ ಏರದೆ ಬೆಲೆ ಏರಿತು. ಭಯದಿಂದಲೂ ಲಾಭದಾಸೆಯಿಂದಲೂ ಇದ್ದವರು ಅಡಗಿಸಿಟ್ಟರು. ಇಲ್ಲದವರು ಕೊಳ್ಳಲಾರದೆ ಹೋದರು. ಧಾನ್ಯದ ಬರವು ಹೊಲದಲ್ಲಿ ಹುಟ್ಟಬಹುದು. ಆದರೆ ಅದು ಬೆಳೆಯುವುದು ಮುಚ್ಚಿದ ಬಾಗಿಲುಗಳ ಹಿಂದೆ.

ಸ್ವಾತಂತ್ರ್ಯ ಬಂದ ಮೇಲೂ ಕಷ್ಟವೇನೂ ತೀರಲಿಲ್ಲ. ೧೯೬೫ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟವನ್ನು ಬಿಡಬೇಕೆಂದು ಜನರನ್ನು ಕೇಳಿಕೊಂಡರು. ಎಷ್ಟೋ ಮನೆಗಳಲ್ಲಿ ಬಿಟ್ಟರು. ೧೯೭೨ರ ಬರವೂ ಅದರ ಹಿಂದೆ ಬಂದ ತುಟ್ಟಿಯೂ ನನಗೇ ನೆನಪಿವೆ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು, ಕೆಂಪು ಜೋಳವನ್ನು ತಂದು, ಅದರ ರೊಟ್ಟಿಯನ್ನು ಮುಖ ಕಿವಿಚಿಕೊಂಡು ತಿಂದ ಹುಡುಗರಲ್ಲಿ ನಾನೊಬ್ಬನು.

ಈಗಿನ ಸ್ಥಿತಿ ಹಾಗಿಲ್ಲವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ೧೯೬೫ರಲ್ಲಿ ಸ್ಥಾಪಿತವಾದ ಭಾರತ ಆಹಾರ ನಿಗಮದ ಉಗ್ರಾಣಗಳು, ೨೦೧೩ರ ಆಹಾರ ಭದ್ರತೆಯ ಶಾಸನ, ಅದೇ ವರ್ಷ ಕರ್ನಾಟಕದಲ್ಲಿ ಆರಂಭವಾದ ಅನ್ನಭಾಗ್ಯ—ಇವುಗಳಿಂದಾಗಿ ಬಡವನ ಮನೆಯಲ್ಲಿಯೂ ಅಕ್ಕಿಯ ಡಬ್ಬ ಪೂರ್ತಿ ಬರಿದಾಗುವುದು ವಿರಳವಾಯಿತು. ಈಗ ಕೊರತೆ ಬೀಳುವುದು ಅನ್ನಕ್ಕಲ್ಲ, ಅನ್ನದ ಮೇಲೆ ಬಡಿಸುವುದಕ್ಕೆ: ಬೇಳೆ, ಎಣ್ಣೆ, ಕಾಯಿ, ತರಕಾರಿ, ಹಾಲು. ಹಿಂದಿನದು ಧಾನ್ಯದ ಬರ. ಇಂದಿನದು ವ್ಯಂಜನದ ಬರ. ಇದು ಕೊಲ್ಲುವುದಿಲ್ಲ, ಆದರೆ ಬೆಳೆಯುವ ಮಗುವಿನ ಮೈಯನ್ನೂ ಬಸುರಿಯ ರಕ್ತವನ್ನೂ ಮೆಲ್ಲಮೆಲ್ಲನೆ ಸೊರಗಿಸುತ್ತದೆ. ಬೆಲೆ ಏರಿದಾಗ ಮನೆಯಲ್ಲಿ ಮೊದಲು ಬೇಳೆ ತೆಳುವಾಗುವುದು ತಾಯಿಯ ತಟ್ಟೆಯಲ್ಲಿ ಎಂಬುದನ್ನು ಮನೆಯ ಯಜಮಾನರು ಒಂದು ದಿನ ಅಡಿಗೆಮನೆಯಲ್ಲಿ ಕುಳಿತು ನೋಡಿದರೆ ಸಾಕು, ತಿಳಿಯುವುದು.

ಕುಸೂಲವೂ ಕುಂಭಿಯೂ

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಗೃಹಸ್ಥರನ್ನು ಅವರ ಸಂಗ್ರಹಕ್ಕೆ ತಕ್ಕಂತೆ ನಾಲ್ಕು ಬಗೆಯಾಗಿ ಎಣಿಸಿದೆ. ಕಣಜದ ತುಂಬ ಇಟ್ಟವನು ಕುಸೂಲಧಾನ್ಯಕ. ಗಡಿಗೆಯ ತುಂಬ ಇಟ್ಟವನು ಕುಂಭೀಧಾನ್ಯಕ. ಮೂರು ದಿನಕ್ಕಾಗುವಷ್ಟು ಇಟ್ಟವನು ಮೂರನೆಯವನು. ನಾಳೆಗೆಂದು ಏನನ್ನೂ ಇಡದವನು ಅಶ್ವಸ್ತನಿಕ. ಸಂಗ್ರಹ ಕಡಿಮೆಯಾದಷ್ಟೂ ಮೇಲೆಂಬುದು ಅಲ್ಲಿನ ಅಭಿಪ್ರಾಯ. ವೇದಾಧ್ಯಯನವೇ ವೃತ್ತಿಯಾದವರಿಗೆ ಹೇಳಿದ ಈ ಮಾತನ್ನು ಮಕ್ಕಳೊಂದಿಗರು ಹಾಗೆಯೇ ಅನುಸರಿಸಲಾಗದು. ಆದರೆ ನನಗೆ ಹಿಡಿಸಿದ ಅಂಶವೇನೆಂದರೆ, ಧಾನ್ಯವನ್ನು ಎಷ್ಟು ಇಡಬೇಕೆಂಬುದೂ ಒಂದು ಧರ್ಮದ ಪ್ರಶ್ನೆಯೆಂದು ನಮ್ಮವರು ಭಾವಿಸಿದ್ದರು.

ಕೌಟಿಲ್ಯನ ಮಾತು ಇದಕ್ಕಿಂತ ವ್ಯಾವಹಾರಿಕವಾದುದು. ಅವನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಬೆಳಕಿಗೆ ತಂದವರು ನಮ್ಮ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು, ಗ್ರಂಥವು ಅಚ್ಚಾದುದು ೧೯೦೯ರಲ್ಲಿ. ಕೋಷ್ಠಾಗಾರವನ್ನು ನೋಡಿಕೊಳ್ಳುವ ಅಧಿಕಾರಿಯು ಬಂದ ಧಾನ್ಯದಲ್ಲಿ ಅರ್ಧವನ್ನು ಪ್ರಜೆಗಳ ಆಪತ್ಕಾಲಕ್ಕೆ ಇಟ್ಟು, ಉಳಿದರ್ಧವನ್ನೇ ಬಳಸಬೇಕೆಂದೂ, ಹೊಸದು ಬಂದಂತೆ ಹಳೆಯದನ್ನು ತೆಗೆದು ಬಳಸಿ ಅದರ ಸ್ಥಳದಲ್ಲಿ ಹೊಸದನ್ನು ತುಂಬಬೇಕೆಂದೂ ಅವನು ವಿಧಿಸುತ್ತಾನೆ. ಇದರಲ್ಲಿ ಎರಡು ಸೂತ್ರಗಳಿವೆ. ಸಂಗ್ರಹವು ಆಪತ್ತಿಗಾಗಿ, ಅದೂ ತನ್ನೊಬ್ಬನ ಆಪತ್ತಿಗಲ್ಲ. ಮತ್ತು ಸಂಗ್ರಹವು ಹರಿಯುತ್ತಿರಬೇಕು, ಕೊಳೆಯಬಾರದು.

ಹಳ್ಳಿಯಲ್ಲಿ ನಮ್ಮ ಅವ್ವ ಶಾಸ್ತ್ರವನ್ನು ಓದಿದವರಲ್ಲ. ಆದರೆ ಸುಗ್ಗಿಯಲ್ಲಿ ಹೊಸ ರಾಗಿ ಕಣದಿಂದ ಮನೆಗೆ ಬಂದ ದಿನ, ಹಳೆಯ ವಾಡೆಯ ತಳದಲ್ಲಿ ಉಳಿದಿದ್ದ ರಾಗಿಯನ್ನು ಮೊದಲು ತೆಗೆದು ಬೀಸುವುದಕ್ಕೆ ಇಟ್ಟೇ ಹೊಸದನ್ನು ತುಂಬುತ್ತಿದ್ದರು. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಅವರೆಬೀಜಕ್ಕೆ ಕೆಮ್ಮಣ್ಣು ಕಟ್ಟುವುದು, ಡಬ್ಬದ ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕುವುದು, ಬೇಸಗೆಯಲ್ಲಿ ಎಲ್ಲವನ್ನೂ ಒಮ್ಮೆ ಬಿಸಿಲಿಗೆ ಹರಡುವುದು—ಇವು ವರ್ಷವರ್ಷವೂ ತಪ್ಪದೆ ನಡೆಯುತ್ತಿದ್ದುವು. ಊರಿನ ದೊಡ್ಡ ಮನೆಗಳಲ್ಲಿ ನೆಲದೊಳಗೆ ಹಗೇವುಗಳಿದ್ದುವು. ಕಾಳು ಸಣ್ಣದಾಗಿ ಸಿಪ್ಪೆ ಗಟ್ಟಿಯಾದ ರಾಗಿಗೆ ಹುಳುವಿನ ಕಾಟ ಕಡಿಮೆ. ಹಗೇವಿನ ರಾಗಿ ಹತ್ತಾರು ವರ್ಷ ಕೆಡದೆ ಇರುತ್ತಿತ್ತು. ಬರದ ವರ್ಷದಲ್ಲಿ ಹಗೇವಿನ ಬಾಯ ಕಲ್ಲು ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದಿದ್ದು, ಇಳಿದು ತೆಗೆದ ರಾಗಿಯನ್ನು ಊರವರಿಗೆ ಅಳೆದು ಕೊಡುವುದುಂಟಾಗಿತ್ತು. ಸುಗ್ಗಿಯಲ್ಲಿ ಅವರು ಹಿಂದಕ್ಕೆ ಅಳೆಯುತ್ತಿದ್ದರು. ಬಡ್ಡಿ ಹೆಚ್ಚಾಗಿ ಕೇಳಿದವನ ಹೆಸರು ಊರಲ್ಲಿ ಹೇಗೆ ಉಳಿಯುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕಾದುದಿಲ್ಲ.

ನನ್ನ ಅಟ್ಟದ ಕಥೆ

ಇಷ್ಟೆಲ್ಲವನ್ನೂ ಓದಿ, ಕಂಡು, ಮಕ್ಕಳಿಗೆ ಪಾಠ ಹೇಳಿದ ನಾನು, ಸಮಯ ಬಂದಾಗ ಏನು ಮಾಡಿದೆನೆಂಬುದನ್ನು ಈಗ ಹೇಳಬೇಕು.

೨೦೨೦ರ ಮಾರ್ಚಿ ತಿಂಗಳಲ್ಲಿ ಮಹಾಮಾರಿಯ ಸುದ್ದಿ ಹಬ್ಬಿ, ಅಂಗಡಿಗಳೆಲ್ಲ ಮುಚ್ಚುವುವೆಂಬ ಗಾಳಿಮಾತು ಎದ್ದಿತು. ನಾನು ತುಮಕೂರಿನ ಮಂಡಿಪೇಟೆಗೆ ಎರಡು ಸಲ ಆಟೋದಲ್ಲಿ ಹೋಗಿ, ನಾವಿಬ್ಬರೇ ಇರುವ ಮನೆಗೆ ಅಕ್ಕಿ ಒಂದು ಮೂಟೆ, ತೊಗರಿಬೇಳೆ ೧೫ ಕಿಲೋಗ್ರಾಂ, ರವೆ ೨೦ ಕಿಲೋಗ್ರಾಂ, ಸಕ್ಕರೆ, ಎಣ್ಣೆ, ಎಲ್ಲವನ್ನೂ ತಂದು ಅಟ್ಟಕ್ಕೆ ಏರಿಸಿದೆನು. ನಮ್ಮ ಮನೆಯವರು "ಇಷ್ಟೇಕೆ?" ಎಂದರು. "ನಿನಗೆ ತಿಳಿಯದು, ಮುಂದೆ ಸಿಕ್ಕುವುದಿಲ್ಲ" ಎಂದೆನು. ಮಾರ್ಚಿ ೨೪ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನನ್ನ ದೂರದೃಷ್ಟಿಯನ್ನು ನಾನೇ ಮೆಚ್ಚಿಕೊಂಡೆನು.

ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನ ಗಂಡನು ಮಂಡಿಯೊಂದರಲ್ಲಿ ಹಮಾಲಿ. ಮೂಟೆ ಇಳಿಸುವ ಕೆಲಸ ಅರ್ಧಕ್ಕರ್ಧ ನಿಂತು, ಕೂಲಿಯೂ ನಿಂತಿತು. ಮೂರನೆಯ ವಾರದಲ್ಲಿ ಆಕೆ ಬಾಗಿಲಿಗೆ ಬಂದು, ದೂರದಲ್ಲಿಯೇ ನಿಂತು, "ಅಮ್ಮಾವ್ರೇ, ರೇಷನ್ ಅಕ್ಕಿ ಇದೆ, ಸಾರಿಗೆ ಬೇಳೆ ಇಲ್ಲ. ಒಂದು ಸೇರು ಇದ್ದರೆ ಕೊಡಿ, ಕೆಲಸ ಶುರುವಾದ ಮೇಲೆ ಹಿಡಿದುಕೊಳ್ಳಿ" ಎಂದಳು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಈ ಬಾಗಿಲು ಎಷ್ಟು ತಿಂಗಳು ಮುಚ್ಚಿರುವುದೋ ಎಂಬ ಭಯ ನನ್ನ ಮನಸ್ಸನ್ನು ಹಿಡಿದಿತ್ತು. ನಾನು ಎದ್ದು ಹೋಗಿ ಪಾವಿನಲ್ಲಿ ಎರಡು ಸಲ ಅಳೆದು, ಮೇಲಿನ ಗೋಪುರವನ್ನು ಬೆರಳಿನಿಂದ ಒರಸಿ, ಅರ್ಧ ಸೇರು ಕೊಟ್ಟೆನು. ಆಕೆ "ಸಾಕು ಮೇಷ್ಟ್ರೇ" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮತ್ತೆ ಕೇಳಲು ಬರಲಿಲ್ಲ.

ಅಂಗಡಿಗಳು ಮುಚ್ಚಲೇ ಇಲ್ಲ. ಬೆಳಗಿನ ಹೊತ್ತು ದಿನಸಿ ಸಿಕ್ಕುತ್ತಲೇ ಇತ್ತು. ಆಷಾಢದಲ್ಲಿ ಅಟ್ಟವನ್ನು ನೋಡಿದಾಗ ರವೆಯಲ್ಲಿ ಹುಳು ಹರಿದಾಡುತ್ತಿತ್ತು. ತೊಗರಿಬೇಳೆ ಅರ್ಧಕ್ಕಿಂತ ಹೆಚ್ಚು ಹುಡಿಯಾಗಿತ್ತು. ಅವ್ವ ಮಾಡುತ್ತಿದ್ದಂತೆ ಎಣ್ಣೆ ಸವರಿರಲಿಲ್ಲ, ಬಿಸಿಲು ಕಾಣಿಸಿರಲಿಲ್ಲ. ಅದನ್ನು ದನ ಸಾಕುವವನೊಬ್ಬನಿಗೆ ಕೊಟ್ಟೆವು. ಅರ್ಧ ಸೇರಿಗೆ ಗೋಪುರ ಒರಸಿದ ಬೆರಳು ನನ್ನದೇ ಎಂಬುದನ್ನು ಆ ದಿನ ಮರೆಯಲಾಗಲಿಲ್ಲ, ಈಗಲೂ ಮರೆತಿಲ್ಲ.

ವರ್ತಕನ ದಾಸ್ತಾನಿಗೆ ಕಾನೂನುಂಟು. ೧೯೫೫ರ ಆವಶ್ಯಕ ವಸ್ತುಗಳ ಶಾಸನದ ಮೇರೆಗೆ ಸರ್ಕಾರವು ಮಿತಿ ಕಟ್ಟಬಹುದು. ೨೦೨೩ರ ಜೂನಿನಲ್ಲಿ ತೊಗರಿಗೂ ಉದ್ದಿಗೂ ಚಿಲ್ಲರೆ ಅಂಗಡಿಯವನು ಒಂದೊಂದು ಬೇಳೆಯಲ್ಲಿ ೫ ಟನ್ನಿಗಿಂತ ಹೆಚ್ಚು ಇಡಕೂಡದೆಂದು ಹಾಗೆ ಕಟ್ಟಿದ್ದರು. ಆದರೆ ನಮ್ಮ ನಿಮ್ಮ ಅಟ್ಟಗಳನ್ನು ಹತ್ತಿ ನೋಡುವ ಅಮಲ್ದಾರನಿಲ್ಲ. ಒಂದು ಬೀದಿಯಲ್ಲಿ ಐವತ್ತು ಮನೆಗಳು ಒಂದೇ ವಾರದಲ್ಲಿ ಮೂರು ತಿಂಗಳ ಸಾಮಾನು ಹೊತ್ತು ತಂದರೆ, ಬೀದಿಯ ಅಂಗಡಿ ಬರಿದಾಗುವುದು, ಬೆಲೆ ಏರುವುದು, ದಿನಗೂಲಿಯವನು ಸಂಜೆ ಚೀಲ ಹಿಡಿದು ಬಂದಾಗ ಅವನಿಗೆ ಇಲ್ಲವಾಗುವುದು. ಯಾರೂ ಪಾಪ ಮಾಡಬೇಕೆಂದು ಹೊರಟವರಲ್ಲ, ಎಲ್ಲರೂ ಜಾಗರೂಕರೇ. ಸುಗ್ಗಿಯಲ್ಲಿ, ಸರಕು ತುಂಬಿರುವಾಗ ಕೊಂಡಿಡುವುದು ಸಂಗ್ರಹ. ಕೊರತೆ ಬಿದ್ದಿರುವಾಗ ನುಗ್ಗಿ ಕೊಂಡಿಡುವುದು ದಾಸ್ತಾನು. ಮೊದಲನೆಯದು ಊರಿನ ಭಾರವನ್ನು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ.

ಕುಣಿಗಲ್ಲಿನ ಹಿಡಿಗಡಿಗೆ

ಇದಕ್ಕೆ ಪ್ರತಿಯಾಗಿ ನಾನು ಕಂಡ ಇನ್ನೊಂದು ಉಗ್ರಾಣವನ್ನು ವಾಚಕರಿಗೆ ತೋರಿಸಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಕುಣಿಗಲ್ಲಿನಲ್ಲಿದ್ದೆನು. ದೊಡ್ಡಕೆರೆಯ ಕಡೆಗಿದ್ದ ಒಂದು ಹಂಚಿನ ಮನೆಯ ಮುಂಭಾಗದಲ್ಲಿ ನನಗೆ ಬಾಡಿಗೆಯ ಕೋಣೆ. ಹಿಂಭಾಗದಲ್ಲಿ ಮನೆಯೊಡತಿ ಅಜ್ಜಿ, ಗಂಡನಿಲ್ಲದ ಸೊಸೆ, ಮೂರು ಮೊಮ್ಮಕ್ಕಳು. ಸೊಸೆ ಗದ್ದೆಯ ಕೂಲಿಗೆ ಹೋಗುತ್ತಿದ್ದಳು. ಅಜ್ಜಿಯ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಮಣ್ಣಿನ ಗಡಿಗೆ ಇರುತ್ತಿತ್ತು. ಎರಡು ಹೊತ್ತೂ ಅಡಿಗೆಗೆ ಅಕ್ಕಿಯನ್ನೋ ರಾಗಿಹಿಟ್ಟನ್ನೋ ತೆಗೆದಾಗ, ಅದರಿಂದ ಒಂದು ಹಿಡಿಯನ್ನು ಹಿಂದಕ್ಕೆ ತೆಗೆದು ಆಕೆ ಗಡಿಗೆಗೆ ಹಾಕುವರು. ಹಿಟ್ಟಾದರೆ ಬದಲಿಗೆ ಒಂದು ಹಿಡಿ ರಾಗಿ. "ಹಿಡಿ ಕಡಿಮೆಯಾದರೆ ಹೊಟ್ಟೆಗೆ ಗೊತ್ತಾಗಲ್ಲ ಮೇಷ್ಟ್ರೇ, ಗಡಿಗೆಗೆ ಗೊತ್ತಾಗುತ್ತೆ" ಎಂದು ನನಗೆ ಹೇಳಿದ್ದರು.

ಲೆಕ್ಕದ ಮೇಷ್ಟ್ರಲ್ಲದಿದ್ದರೂ ನಾನು ಲೆಕ್ಕ ಹಾಕಿ ನೋಡಿದೆನು. ಒಂದು ಹಿಡಿಗೆ ೫೦ ಗ್ರಾಂ ಎಂದಿಟ್ಟುಕೊಂಡರೆ ದಿನಕ್ಕೆ ೧೦೦ ಗ್ರಾಂ, ತಿಂಗಳಿಗೆ ೩ ಕಿಲೋಗ್ರಾಂ, ವರ್ಷಕ್ಕೆ ೩೬. ನಾಟಿಗೆ ಮುಂಚೆ ಕೂಲಿಯಿಲ್ಲದ ದಿನಗಳಲ್ಲಿ ಅಜ್ಜಿ ಅದನ್ನು ತೆರೆಯುತ್ತಿದ್ದರು. ನಾನು ಆಶ್ಚರ್ಯಪಟ್ಟದ್ದು ಅದಕ್ಕಲ್ಲ. ಪಕ್ಕದ ಮನೆಯವರು ಕೇಳಲು ಬಂದರೆ ಅಜ್ಜಿ ಅಳೆಯುತ್ತಿರಲಿಲ್ಲ. ಗಡಿಗೆಯನ್ನೇ ಎದುರಿಗೆ ತಳ್ಳಿ, ಬೇಕಾದಷ್ಟು ತೆಗೆದುಕೋ ಎನ್ನುತ್ತಿದ್ದರು. ತೆಗೆದುಕೊಳ್ಳುವವರೂ ಹೆಚ್ಚು ತೆಗೆಯುತ್ತಿರಲಿಲ್ಲ. ಅವರ ಒಲೆಯ ಬಳಿಯೂ ಅಂಥದೊಂದು ಗಡಿಗೆ ಇತ್ತು.

ಇದೇ ಹಿಡಿಯ ಲೆಕ್ಕ ದೊಡ್ಡದಾಗಿ ಬೆಳೆದರೆ ಏನಾಗುವುದೆಂಬುದಕ್ಕೆ ತುಮಕೂರಿನ ಬಳಿಯಲ್ಲಿಯೇ ನಿದರ್ಶನವುಂಟು. ಕ್ಯಾತ್ಸಂದ್ರದ ಹತ್ತಿರದ ಸಿದ್ಧಗಂಗಾ ಮಠದಲ್ಲಿ ಸಹಸ್ರಾರು ಬಡ ವಿದ್ಯಾರ್ಥಿಗಳು ಜಾತಿಭೇದವಿಲ್ಲದೆ ನಿತ್ಯವೂ ಉಣ್ಣುತ್ತಾರೆ. ೧೯೪೧ರಲ್ಲಿ, ಯುದ್ಧದ ತುಟ್ಟಿಯ ನಡುವೆ, ಆ 
ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ೧೧೧ನೆಯ ವಯಸ್ಸಿನಲ್ಲಿ ಕಾಲವಶರಾಗುವವರೆಗೆ ಆ ಒಲೆ ಆರದಂತೆ ನೋಡಿಕೊಂಡರು. ಸುತ್ತಲ ಹಳ್ಳಿಗಳ ರೈತರು ಕಣದಿಂದ ತೆಗೆದು ಕೊಟ್ಟ ಧಾನ್ಯವೇ ಅದಕ್ಕೆ ಆಧಾರವಾಗಿತ್ತು. ಒಬ್ಬೊಬ್ಬರಿಗೆ ಹಿಡಿ, ಕೂಡಿದಾಗ ಕಣಜ.

ಮನೆಯಲ್ಲಿ ಮಾಡತಕ್ಕವು

ಇನ್ನು ಗೃಹಿಣಿಯರು ಕೇಳಬಯಸುವ ಉಪಾಯಗಳನ್ನು ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವನ್ನು ಕಲಿತದ್ದು ನಮ್ಮ ಮನೆಯವರಿಂದ.

ಒಣ ಪದಾರ್ಥಗಳನ್ನು ಸುಗ್ಗಿಯಲ್ಲಿಯೇ ಕೊಳ್ಳತಕ್ಕದ್ದು: ರಾಗಿಯನ್ನು ಹೊಸ ಬೆಳೆ ಬಂದಾಗ, ಹುರುಳಿ ತೊಗರಿಗಳನ್ನು ಸಂಕ್ರಾಂತಿಯ ಆಚೆಗೆ, ಹುಣಿಸೆಹಣ್ಣನ್ನು ಬೇಸಗೆಯ ಮೊದಲಲ್ಲಿ. ಎಲ್ಲವನ್ನೂ ಬಿಸಿಲಿಗೆ ಹಾಕಿ, ಆರಿದ ಮೇಲೆ ತುಂಬಬೇಕು. ರವೆ, ಮೈದಾ, ಕಡಲೆಹಿಟ್ಟು ಇವುಗಳನ್ನು ತಿಂಗಳಿಗೆ ಮೀರಿ ಇಡಕೂಡದು. ಕೆಡುವ ತರಕಾರಿಯನ್ನು ವಾರಕ್ಕೆ ಮೀರಿ ತರಕೂಡದು.

ತೊಗರಿಬೇಳೆಯೊಂದನ್ನೇ ನೆಚ್ಚಿದ ಮನೆಗೆ ತುಟ್ಟಿಯ ಕಾಲ ಬಹಳ ಕಠಿಣ. ೨೦೧೫ರಲ್ಲಿ ಅದರ ಬೆಲೆ ಕಿಲೋಗ್ರಾಮಿಗೆ ೨೦೦ರ ಹತ್ತಿರ ಹೋದಾಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡೇ ದಿನ ತೊಗರಿ. ಉಳಿದ ದಿನ ಹುರುಳಿ, ಅಲಸಂದೆ, ಅವರೆ, ಹೆಸರು. ಹುರುಳಿಯನ್ನು ಬೇಯಿಸಿ ಕಟ್ಟನ್ನು ಬಸಿದರೆ ಅದೇ ಸಾರು. ಕಾಳು ಒಗ್ಗರಣೆಯೊಂದಿಗೆ ಪಲ್ಯ. ಒಂದು ಬೇಯಿಸುವಿಕೆಯಲ್ಲಿ ಎರಡು ವ್ಯಂಜನ ಕೊಡುವ ಬಸ್ಸಾರನ್ನು ಕಂಡುಹಿಡಿದ ನಮ್ಮ ಸೀಮೆಯ ಹೆಂಗಸರು ತುಟ್ಟಿಯನ್ನು ಬಲ್ಲವರೇ ಇರಬೇಕು. ಕಾಯಿ ದುಬಾರಿಯಾದಾಗ ಹುರಿದು ಪುಡಿ ಮಾಡಿದ ಹುಚ್ಚೆಳ್ಳು ಅಥವಾ ಕಡಲೆಕಾಯಿ ಬೀಜ ಪಲ್ಯಕ್ಕೆ ಒದಗುವುದು. ಹುರಿಗಡಲೆ ಸಾರನ್ನು ಗಟ್ಟಿ ಮಾಡುವುದು. ಟೊಮ್ಯಾಟೊ ಹಣ್ಣು ನಮ್ಮ ಅಜ್ಜಿಯರ ಸಾರಿನಲ್ಲಿ ಇರಲೇ ಇಲ್ಲ. ಹುಣಿಸೆ, ಮಾವಿನಕಾಯಿ, ನಿಂಬೆ, ನೆಲ್ಲಿ—ಹುಳಿಗೆ ನಮ್ಮಲ್ಲಿ ಬಡತನವಿಲ್ಲ. ಹಿತ್ತಲಲ್ಲಿ ಒಂದು ನುಗ್ಗೆಯ ಗಿಡ, ಕುಂಡದಲ್ಲಿ ದಂಟು, ಹೊನಗೊನೆ, ಬಸಳೆ ಇದ್ದರೆ ವಾರಕ್ಕೆ ಎರಡು ದಿನ ಸೊಪ್ಪು ಕೊಳ್ಳಬೇಕಾಗಿಲ್ಲ.

ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯದೆ ತಿಂಗಳ ಮೊದಲಲ್ಲಿ ಅಳೆದು ಬೇರೆ ಇಡುವುದು ಮೇಲು. ಒಬ್ಬರಿಗೆ ದಿನಕ್ಕೆ ೩೦ ಗ್ರಾಂ ಮೀರದಂತೆ ಇಟ್ಟುಕೊಂಡರೆ ನಾಲ್ವರ ಸಂಸಾರಕ್ಕೆ ತಿಂಗಳಿಗೆ ೩,೬೦೦ ಗ್ರಾಂ. ಹಣವೂ ಉಳಿಯುವುದು, ವೈದ್ಯರೂ ಸಂತೋಷಪಡುವರು.

ರಾಗಿಯ ವಿಷಯವಾಗಿ ಒಂದೆರಡು ಮಾತು. ರಾಗಿಯೂ ಭತ್ತವೂ ತಮ್ಮಲ್ಲಿ ಮೇಲಾರೆಂದು ಜಗಳವಾಡಿದ ಕಥೆಯನ್ನು ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಹೇಳಿ, ರಾಗಿಯನ್ನೇ ಗೆಲ್ಲಿಸಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿರುವುದೆಂದು ಈಗಿನ ವಿಜ್ಞಾನಿಗಳೂ ಅದನ್ನೇ ಎತ್ತಿ ಹೇಳುತ್ತಾರೆ. ೨೦೨೩ನೆಯ ಇಸವಿಯನ್ನು ಲೋಕವೆಲ್ಲ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಹಾಲು ತುಟ್ಟಿಯಾದ ಮನೆಯಲ್ಲಿ ಮಕ್ಕಳಿಗೆ ದಿನಕ್ಕೊಂದು ಹೊತ್ತಾದರೂ ಮುದ್ದೆಯೋ ಅಂಬಲಿಯೋ ರೊಟ್ಟಿಯೋ ಸಿಕ್ಕಬೇಕು.

ಕಡೆಯದಾಗಿ, ಉಳಿತಾಯವನ್ನು ಎಲ್ಲಿಂದ ಮಾಡಬಾರದೆಂಬುದು. ಮಗುವಿನ ಹಾಲು, ಬಸುರಿ ಬಾಣಂತಿಯರ ಬೇಳೆ ಸೊಪ್ಪು, ಮುದುಕರ ಔಷಧಿ—ಇವು ಉಳಿತಾಯದ ಸ್ಥಳಗಳಲ್ಲ. ಉಳಿಸಬೇಕಾದವರು ಅಂಗಡಿಯ ಕುರುಕಲು ಪೊಟ್ಟಣಗಳನ್ನು ಬಿಡಲಿ; ಮದುವೆ ಮನೆಗಳಲ್ಲಿ ಎಲೆಯ ಮೇಲೆ ಉಳಿಸಿ ಏಳುವ ಅಭ್ಯಾಸವನ್ನು ಬಿಡಲಿ.

ಎರಡು ಕಾಯಿಗಳು

ನಮ್ಮ ಮನೆಯಲ್ಲಿ ಈಗ ಅಟ್ಟ ಬರಿದಾಗಿದೆ. ಒಲೆಯ ಪಕ್ಕದಲ್ಲಿ ಒಂದು ಗಡಿಗೆ ಇದೆ. ೨೦೨೦ರ ಆಷಾಢದಲ್ಲಿ ಇಟ್ಟದ್ದು. ಅಂದಿನಿಂದ ವರ್ಷಕ್ಕೊಮ್ಮೆ ಅದನ್ನು ಬರಿದು ಮಾಡುತ್ತೇವೆ.

ಕಾಯಿಯ ಬೆಲೆ ಏರಿದ್ದ ಆ ೨೦೨೫ರಲ್ಲಿಯೇ ಒಂದು ಸಂಜೆ, ಪಾತ್ರೆ ತೊಳೆಯುವ ಆ ಹೆಂಗಸು ತನ್ನ ತವರಾದ ಗುಬ್ಬಿ ಕಡೆಯ ಹಳ್ಳಿಯಿಂದ ಬಂದವಳು, ಚೀಲದಿಂದ ಎರಡು ತೆಂಗಿನಕಾಯಿಗಳನ್ನು ತೆಗೆದು ನಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ಇಟ್ಟಳು. "ಈಗಿನ ಬೆಲೆಯಲ್ಲಿ ಇದೇನಮ್ಮ, ಮಾರಿಕೊಳ್ಳಬಾರದೇ?" ಎಂದೆನು. "ಅಮ್ಮನ ಹಿತ್ತಲಲ್ಲಿ ಇರೋದು ಒಂದೇ ಮರ ಮೇಷ್ಟ್ರೇ. ಹನ್ನೊಂದು ಬಿಟ್ಟಿತ್ತು. ನಿಮಗೆ ಅಂತ ಎರಡು ತಂದೆ" ಎಂದಳು. ಆಕೆಯ ಮುಖದಲ್ಲಿ ಹಳೆಯದರ ನೆನಪಿನ ಸುಳಿವೂ ಇರಲಿಲ್ಲ. ನಮ್ಮ ಮನೆಯವರು ಒಳಗೆ ಹೋಗಿ ಗಡಿಗೆಯನ್ನೇ ಹೊರಗೆ ತಂದು ಆಕೆಯ ಮುಂದೆ ಇಟ್ಟರು. ಆಕೆ ನಕ್ಕು, "ಈಗ ಬೇಡ ಅಮ್ಮಾವ್ರೇ, ಇದೆ. ಇಲ್ಲದಾಗ ಕೇಳ್ತೀನಿ" ಎಂದಳು.

ಇಲ್ಲದಾಗ ಕೇಳುತ್ತೇನೆಂಬ ಆ ಮಾತನ್ನು ನಾನು ಬೇಕೆಂದೇ ಇಲ್ಲಿ ಬರೆದಿದ್ದೇನೆ. ಮಳೆ ತಪ್ಪುವುದೂ ಹಡಗು ನಿಲ್ಲುವುದೂ ನಮ್ಮ ಕೈಯಲ್ಲಿಲ್ಲ. ಬೆಲೆ ಇನ್ನೂ ಎಷ್ಟೋ ಸಲ ಏರುವುದು, ಇಳಿಯುವುದು. ನೆರೆಯವಳು ಸಂಕೋಚವಿಲ್ಲದೆ ಕೇಳಬಹುದಾದ ಮನೆಯೊಂದು ಬೀದಿಗೆ ಇದ್ದರೆ ಆ ಬೀದಿಯಲ್ಲಿ ತುಟ್ಟಿಯಿರಬಹುದು, ಬರವಿರುವುದಿಲ್ಲ. ಆದುದರಿಂದ ಓದುಗರು ಈ ಸಂಚಿಕೆಯನ್ನು ಮಡಿಸಿಟ್ಟು, ಇಂದು ರಾತ್ರಿಯ ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಇಡಲೆಂದು ಪ್ರಾರ್ಥಿಸುತ್ತೇನೆ. ಗಡಿಗೆ ಇಲ್ಲದಿದ್ದರೆ ಡಬ್ಬವಾದರೂ ಸರಿಯೆ.